ಹನ್ನೆರಡು ಜನಕ್ಕೂ ಏಳೇಳು

ಕಳೆದ ತಿಂಗಳು ನನ್ನ ಕಾರು ಗ್ಯಾರೇಜಿಗೆ ಹೋಗಿದ್ದಾಗ, ಈಸ್ಟ್ ತಮಾಕಿಯ ಆಫೀಸಿನಿಂದ ಮನೆಗೆ ಬರಲು ಸಹೋದ್ಯೋಗಿಯೊಬ್ಬನ ಕಾರು ಹತ್ತಿದೆ. ಹಿಂದಿನ ಸೀಟಿನ ಮೇಲೆ ಅವನ ಮಗನ ಹಾಕಿ ಚೀಲ ಬಿದ್ದಿತ್ತು. ಹುಡುಗ ಗೋಲ್‌ಕೀಪರ್. ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆ ಕಾಲಿನ ಪ್ಯಾಡುಗಳ ಒದ್ದೆ ಸ್ಪಂಜು, ವರ್ಷಗಟ್ಟಲೆ ಇಂಗಿದ ಬೆವರು, ರಬ್ಬರು ಎಲ್ಲ ಸೇರಿ ಮೂಗು ಮುಚ್ಚುವ ಹಾಗೆ ನಾರುತ್ತಿತ್ತು. ಅವನು ಪಾಪ ನಾಚಿಕೊಂಡು ನಾಲ್ಕೂ ಕಿಟಕಿ ಇಳಿಸಿದ, ದಾರಿಯುದ್ದಕ್ಕೂ ‘ಸಾರಿ, ಸಾರಿ’ ಎನ್ನುತ್ತಿದ್ದ. ನಾನು ಬಾಟನಿ ಡೌನ್ಸ್‌ನ ನಮ್ಮ ಮನೆ ಬರುವವರೆಗೂ ಒಬ್ಬಳೇ ನಗುತ್ತಿದ್ದೆ. ಆ ವಾಸನೆ ನನ್ನನ್ನು ಸೀದಾ ನಮ್ಮ ಹಿಂದಿನ ಊರಾದ ಲೋವರ್ ಹಟ್‌ಗೆ, ನಾವು ಅಲ್ಲಿ ಕಳೆದ ಕೊನೆಯ ಚಳಿಗಾಲಕ್ಕೆ ಒಯ್ದು ನಿಲ್ಲಿಸಿತ್ತು.

ಆ ಚಳಿಗಾಲದಲ್ಲಿ ನಾವು ಹನ್ನೆರಡು ಜನ ಕನ್ನಡದ ಹೆಂಗಸರು ಹಾಕಿ ಆಡಿದೆವು. ಅದಕ್ಕೂ ಮುಂಚೆ ನಾಲ್ಕು ವರ್ಷ ನಾವು ಮಾಡಿದ್ದು ನಮ್ಮ ಮಕ್ಕಳು ಆಡುವುದನ್ನು ನೋಡುತ್ತ ನಿಂತಿದ್ದಷ್ಟೇ. ಪ್ರತಿ ಶನಿವಾರ ಬೆಳಿಗ್ಗೆ ಹಾಕಿ ಟರ್ಫ್ ಮೈದಾನದ ಅಂಚಿನಲ್ಲಿ ಕಂಬಳಿ ಹೊದ್ದು, ಫ್ಲಾಸ್ಕಿನ ಕಾಫಿ ಹಂಚಿಕೊಂಡು, ದಕ್ಷಿಣದ ಗಾಳಿಯನ್ನು ಬೈಯುತ್ತ ನಿಲ್ಲುತ್ತಿದ್ದೆವು. ಆ ಗಾಳಿ ಸಮುದ್ರದ ಕಡೆಯಿಂದ ಕಣಿವೆಗೆ ನುಗ್ಗಿ ಬಂತೆಂದರೆ ಎರಡು ಸ್ವೆಟರನ್ನೂ ಲೆಕ್ಕಿಸುತ್ತಿರಲಿಲ್ಲ. ಒಂದು ದಿನ ಮಕ್ಕಳ ಹಾಕಿ ಕ್ಲಬ್ಬಿನ ಕಾರ್ಯದರ್ಶಿ ಬಾರ್ಬರಾ ನಮ್ಮ ಮುಂದೆ ಬಂದು ನಿಂತರು. ಎಪ್ಪತ್ತು ದಾಟಿದ ಹೆಂಗಸು, ಆ ಚಳಿಯಲ್ಲೂ ಚಡ್ಡಿ. ‘ಹೀಗೆ ನಡುಗುವ ಬದಲು ಓಡಬಾರದೇ? ಹೆಂಗಸರ ಕೊನೇ ದರ್ಜೆಯಲ್ಲಿ ನಮಗೊಂದು ತಂಡ ಕಡಿಮೆ ಇದೆ’ ಎಂದರು. ಅವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾವೆಲ್ಲ ಹೂಂ ಅಂದುಬಿಟ್ಟೆವು. ಮುಂದಿನ ವಾರ ನೋಡಿದರೆ ಹೆಸರು ದಾಖಲಾಗಿತ್ತು.

ನನ್ನನ್ನೇ ಕ್ಯಾಪ್ಟನ್ ಮಾಡಿದರು. ಕಾರಣ, ಹನ್ನೆರಡು ಜನರಲ್ಲಿ ಮೊದಲೇ ಹಾಕಿ ಕೋಲು ಹಿಡಿದಿದ್ದವಳು ನಾನೊಬ್ಬಳೇ. ಹಾಕಿಗೆ ಹೆಸರಾದ ಗದಗ ಬೆಟಗೇರಿಯ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಯಲ್ಲಿ ನಾನು ಸೆಂಟರ್ ಫಾರ್ವರ್ಡ್. ಹತ್ತನೆಯ ತರಗತಿಯಲ್ಲಿದ್ದಾಗ ಅಂತರಶಾಲಾ ಪಂದ್ಯಾವಳಿಯ ಉತ್ತಮ ಆಟಗಾರ್ತಿಯ ಬಹುಮಾನ ನನಗೇ ಎಂದು ಪಿ.ಟಿ. ಮಾಸ್ತರರು ಮೊದಲೇ ಹೇಳಿದ್ದರು. ಫೈನಲ್ಲಿನ ದಿನವೇ ಕಾಕಾನ ಮಗಳ ನಿಶ್ಚಯ ಬಂತು. ನನ್ನನ್ನು ಸೀರೆ ಉಡಿಸಿ ಟೆಂಪೋ ಹತ್ತಿಸಿದರು. ಬಹುಮಾನ ಇನ್ನೊಬ್ಬಳಿಗೆ ಹೋಯಿತು, ಮುಂದೆ ನನ್ನ ಆಟವೂ ನಿಂತಿತು. ಆ ಬಹುಮಾನದ ಕಪ್ ನನ್ನದಾಗಬೇಕಿತ್ತು ಅಂತ ಮೂವತ್ತು ವರ್ಷ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದೆ. ಆದ್ದರಿಂದ ಬಾರ್ಬರಾ ಮೊದಲ ಸಭೆಯಲ್ಲಿ ‘ಸೀಸನ್ನಿನ ಕೊನೆಗೆ ಪ್ರತಿ ತಂಡದ ಮೋಸ್ಟ್ ವ್ಯಾಲ್ಯುಬಲ್ ಪ್ಲೇಯರ್‌ಗೆ ಒಂದು ಕಪ್, ಕ್ಲಬ್ಬಿನ ಗೋಡೆಯ ಹಲಗೆಯ ಮೇಲೆ ಹೆಸರು’ ಎಂದಾಗ ನನ್ನ ಕಿವಿ ನೆಟ್ಟಗಾಯಿತು.

ಅದನ್ನು ಆರಿಸುವುದಕ್ಕೆ ಅವರದೊಂದು ಪದ್ಧತಿ ಇತ್ತು. ಪ್ರತಿ ಆಟ ಮುಗಿದ ಮೇಲೆ ತಂಡದವರು ಕೂತು, ಚೆನ್ನಾಗಿ ಆಡಿದವಳಿಗೆ ಮೂರು ಪಾಯಿಂಟು, ನಂತರದವಳಿಗೆ ಎರಡು, ಮೂರನೆಯವಳಿಗೆ ಒಂದು ಎಂದು ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ ಬಾರ್ಬರಾ ಅವರ ಡಬ್ಬಿಗೆ ಹಾಕಬೇಕು. ಕೊನೆಗೆ ಎಲ್ಲ ಕೂಡಿಸಿ ಹೆಚ್ಚು ಬಂದವರಿಗೆ ಕಪ್. ಸರಳವಾದ ಲೆಕ್ಕ. ನಮ್ಮವರಿಗೆ ಮಾತ್ರ ಅದು ಸರಿಬರಲಿಲ್ಲ.

“ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಗೆ ಬೇಜಾರಾಗಲ್ವಾ?” ಎಂದಳು ಲತಾ. ಮೈಸೂರಿನವಳು, ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. “ದೀಪಾವಳಿಗೆ ಮತ್ತೆ ಎಲ್ರೂ ಮುಖ ನೋಡ್ಬೇಕು ತಾನೆ.”

ಎರಡು ದಿನದಲ್ಲಿ ಅವಳು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿ ತಂದಳು. ಹದಿನಾಲ್ಕು ಆಟ, ಆಟಕ್ಕೆ ಆರು ಪಾಯಿಂಟು, ಒಟ್ಟು ಎಂಬತ್ತನಾಲ್ಕು. ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ ಏಳು, ಒಂದೂ ಮಿಗುವುದಿಲ್ಲ. ಯಾವ ವಾರ ಯಾರಿಗೆ ಎಷ್ಟು ಎಂದು ಏಪ್ರಿಲ್ಲಿನಲ್ಲೇ ಬರೆದು, ಹದಿನಾಲ್ಕು ಲಕೋಟೆ ಅಂಟಿಸಿ, ಮೇಲೆ ನಂಬರು ಹಾಕಿ ನನ್ನ ಚೀಲಕ್ಕೆ ತುಂಬಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೇಗಿದ್ದರೂ ಎಲ್ಲರಿಗೂ ಏಳು ಬಂದರೆ ಕೊನೆಗೆ ಒಬ್ಬರನ್ನು ಆರಿಸಲೇಬೇಕು, ಆಗ ಕ್ಯಾಪ್ಟನ್ನಿನ ಹೆಸರು ಬರದೆ ಎಲ್ಲಿ ಹೋಗುತ್ತದೆ ಎಂದು ನನ್ನ ಒಳಲೆಕ್ಕ.

ಮೊದಲ ಆಟದಲ್ಲಿ ಹನ್ನೊಂದು ಗೋಲು ತಿಂದೆವು. ಎದುರಿನ ತಂಡದವರು ಎಂಟಾದ ಮೇಲೆ ಕರುಣೆಯಿಂದ ನಿಧಾನವಾಗಿ ಓಡಿದರು, ಆದರೂ ಹನ್ನೊಂದಾಯಿತು. ಮೇ ತಿಂಗಳಿಗೆ ಅದು ನಾಲ್ಕಕ್ಕೆ, ಎರಡಕ್ಕೆ ಇಳಿಯಿತು. ಜೂನ್‌ನಲ್ಲಿ ಅಲ್ಲಿ ನಡು ಚಳಿಗಾಲ, ಹಟ್ ಕಣಿವೆಗೆ ಹಿಡಿದ ಮಳೆ ಹತ್ತು ದಿನ ಬಿಡಲಿಲ್ಲ. ವಾರವಿಡೀ ಲ್ಯಾಬಿನಲ್ಲಿ ಮಣ್ಣಿನ ಮಾದರಿಗಳನ್ನು ಪರೀಕ್ಷೆ ಮಾಡಿ, ಶನಿವಾರ ಬೆಳಿಗ್ಗೆ ಕೆನ್ನೆ ಮರಗಟ್ಟುವ ಚಳಿಯಲ್ಲಿ ಬಾಯಿಗೆ ಮೌತ್‌ಗಾರ್ಡ್ ತುರುಕಿಕೊಂಡು ನಿಂತರೆ, ನಲವತ್ತಮೂರರ ನನಗೆ ಹದಿನೈದು ಆದ ಹಾಗಾಗುತ್ತಿತ್ತು. ಜುಲೈಯಲ್ಲಿ ಒಂದು ಆಟ ಗೆದ್ದೆವು. ಅರವತ್ತೊಂದು ವರ್ಷದ ವಿಮಲಾ ಆಂಟಿ ಅಂಪೈರನನ್ನೇ ತಬ್ಬಿಕೊಂಡರು. ಪ್ರಾಥಮಿಕ ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುವ ಆಂಟಿಗೆ ಓಡಲು ಬರುತ್ತಿರಲಿಲ್ಲ, ಆದರೆ ಎದುರಾಳಿಯ ದಾರಿಗೆ ಸರಿಯಾಗಿ ಅಡ್ಡ ನಿಲ್ಲಲು ಬರುತ್ತಿತ್ತು.

ಕೊನೆಯ ಆಟಕ್ಕೆ ಮುಂಚೆ ಆ ಸೀಸನ್ನಿನಲ್ಲಿ ನಮ್ಮ ತಂಡ ಹೊಡೆದದ್ದು ಒಂಬತ್ತು ಗೋಲು, ಅದರಲ್ಲಿ ಏಳು ನನ್ನವು. ಇದನ್ನು ನಾನು ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಹದಿನಾಲ್ಕರ ಮಗಳು ಅನು ಫೋನಿನಿಂದ ತಲೆ ಎತ್ತದೆ “ಅಮ್ಮ, ಯು ನೆವರ್ ಪಾಸ್” ಎನ್ನುತ್ತಿದ್ದಳು.

ಹದಿಮೂರನೆಯ ಆಟದ ದಿನ ಸುರಿಯುವ ಮಳೆಯಲ್ಲಿ ಚೀಲಕ್ಕೆ ಕೈ ಹಾಕಿ ಲಕೋಟೆ ತೆಗೆದು ಡಬ್ಬಿಗೆ ಹಾಕಿ ಮನೆಗೆ ಓಡಿದೆ. ಮರುದಿನ ಬೆಳಿಗ್ಗೆ ಬಾರ್ಬರಾ ಅವರ ಫೋನು. ಕೊನೆಯ ಆಟದ ದಿನವೇ ಬಹುಮಾನ ವಿತರಣೆ ಇದ್ದುದರಿಂದ ಅವರು ಚೀಟಿಗಳನ್ನು ಮೊದಲೇ ಬಿಡಿಸಿ ಕೂಡಿಸುತ್ತ ಕೂತಿದ್ದರು. ದನಿ ತುಂಬಾ ಶಾಂತವಾಗಿತ್ತು. ಮೂರನೆಯ ವಾರ ಮೂರು ಪಾಯಿಂಟು ಪಡೆದ ನಿಮ್ಮ ಆಟಗಾರ್ತಿ ಆ ದಿನ ಬೆಂಗಳೂರಿನಲ್ಲಿ ಮದುವೆಗೆ ಹೋಗಿದ್ದಳಲ್ಲವೇ, ಎಂದು ಕೇಳಿದರು. ನಾನು ತೊದಲಿದೆ. ಒದ್ದೆ ಲಕೋಟೆಗಳು ಎರಡು ಅಂಟಿಕೊಂಡು ಬಂದಿವೆ, ಹದಿನಾಲ್ಕನೆಯದೂ ಸಿಕ್ಕಿದೆ ಎಂದರು.

“ಮುಂದಿನ ಶನಿವಾರ ಯಾರು ಚೆನ್ನಾಗಿ ಆಡುತ್ತಾರೆ ಅಂತ ನಿಮಗೆ ಯಾರು ಹೇಳಿದರು, ಸುವರ್ಣಾ?”

ನಲವತ್ತು ವರ್ಷದಲ್ಲಿ ಇಂಥದ್ದನ್ನು ಕಂಡಿಲ್ಲವಂತೆ. ಲಕೋಟೆ ಎಲ್ಲ ರದ್ದು. ಶನಿವಾರ ಆಟ ಮುಗಿದು ಚಹಾ ಕೊಡುವುದರೊಳಗೆ ಒಂದೇ ಒಂದು ಹೆಸರು ಅವರ ಕೈಗೆ ಬರಬೇಕು, ಇಲ್ಲವಾದರೆ ಹಲಗೆಯ ಮೇಲೆ ಆ ವರ್ಷದ ನಮ್ಮ ಸಾಲು ಖಾಲಿ. ಫೋನಿಟ್ಟ ಮೇಲೆ ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಖುಷಿ. ಒಂದೇ ಹೆಸರು ಎಂದರೆ ಇನ್ಯಾರದು!

ಅಂದು ಭಾನುವಾರ. ಮಧ್ಯಾಹ್ನವೇ ಹನ್ನೆರಡು ಜನ ಲತಾಳ ಮನೆಯಲ್ಲಿ ಸೇರಿದೆವು. ನಾನು ಒಂದು ದೊಡ್ಡ ಪಾತ್ರೆ ಚುರುಮುರಿಯ ಗಿರಮಿಟ್ಟು ಮಾಡಿಕೊಂಡು ಹೋಗಿದ್ದೆ. ಲತಾ ಲ್ಯಾಪ್‌ಟಾಪ್ ಬಿಚ್ಚಿ ಹೆಸರುಗಳನ್ನು ಸಾಲಾಗಿ ಹಾಕಿ, ಮೊದಲಿಗೆ ನನ್ನನ್ನೇ ನೋಡಿದಳು.

“ಗೋಲ್ ಜಾಸ್ತಿ ಹೊಡ್ದಿರೋದು ಸುವರ್ಣಕ್ಕ. ಅವ್ರಿಗೇ ಕೊಡೋಣ್ವಾ?”

“ಅಯ್ಯ, ಬ್ಯಾಡ ಬಿಡ್ರಿ. ನನಗ್ಯಾಕ?” ಎಂದೆ.

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ಹೋಳಿಗೆ ಬೇಡ ಎನ್ನುತ್ತಾರೆ. ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯ ಸಲ ಕೈ ಅಡ್ಡ ಹಿಡಿಯುತ್ತಾರೆ, ಮೂರನೆಯ ಸಲ ಹಾಕಿಸಿಕೊಳ್ಳುತ್ತಾರೆ. ನಾನು ಎರಡನೆಯ ಬಾರಿಯ ಬೇಡವನ್ನು ತುಟಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದೆ. ಈ ದೇಶಕ್ಕೆ ಬಂದು ಹದಿನೆಂಟು ವರ್ಷವಾಗಿದ್ದ ಲತಾ “ಓಕೆ, ಸುವರ್ಣಕ್ಕಂಗೆ ಬೇಡ್ವಂತೆ” ಎಂದು ನನ್ನ ಹೆಸರಿನ ಮೇಲೆ ಗೆರೆ ಎಳೆದಳು. “ನೆಕ್ಸ್ಟ್?”

ನನ್ನ ಬಾಯಿಯಲ್ಲಿದ್ದ ಗಿರಮಿಟ್ಟು ಅಲ್ಲೇ ನಿಂತಿತು. ಅವರು ವಿಮಲಾ ಆಂಟಿಯ ಹೆಸರು ಎತ್ತಿದರು, ಆಂಟಿ ಬೇಡ ಎಂದರು, ಗೆರೆ. ಇನ್ನೊಬ್ಬಳ ಹೆಸರು ಬಂತು, ಅವಳೂ ಬೇಡ ಎಂದಳು, ಗೆರೆ. ಹತ್ತು ನಿಮಿಷದಲ್ಲಿ ಹನ್ನೆರಡು ಹೆಸರಿನ ಮೇಲೂ ಗೆರೆ ಬಿತ್ತು. ಹಾಗಾದರೆ ಈ ವರ್ಷ ಯಾರಿಗೂ ಬೇಡ ಎಂದು ಬಾರ್ಬರಾಗೆ ಹೇಳಿಬಿಡೋಣ ಎಂದು ಯಾರೋ ಅಂದರು. ಆಗ ನನಗೆ ತಡೆಯಲಾಗಲಿಲ್ಲ.

“ನನಗ ಬೇಕು!” ಎಂದು ಕೂಗಿದೆ. “ಸುಳ್ಳ ಯಾಕ ಹೇಳ್ಲಿ? ಮೂವತ್ತ ವರ್ಷದಿಂದ ಬೇಕಾಗೇತಿ. ಬ್ಯಾಡ ಅಂದ್ರ ಇನ್ನೊಮ್ಮೆ ಕೇಳಬೇಕು ಅನ್ನೂದರ ತಿಳೀಬಾರದೇನ್ರಿ ನಿಮಗ?”

ಆಮೇಲೆ ವಿಮಲಾ ಆಂಟಿ ತಟ್ಟೆ ಕೆಳಗಿಟ್ಟು, “ನಿಜ ಹೇಳ್ಲಾ? ನನಗೂ ಬೇಕು ಕಣೇ” ಎಂದರು. ಲತಾ ಮೆಲ್ಲಗೆ “ನಂಗೂ” ಎಂದಳು. ಸೋಫಾದ ಮೇಲಿಂದ, ಅಡಿಗೆಮನೆಯ ಬಾಗಿಲಿನಿಂದ ‘ನನಗೂ’, ‘ನನಗೂ’ ಶುರುವಾಗಿ ಮನೆಯೆಲ್ಲ ನಗು. ಅಷ್ಟೂ ಜನ ಏಪ್ರಿಲ್ಲಿನಿಂದ ಅದನ್ನೇ ಬಯಸುತ್ತ, ಏಳೇಳು ಹಂಚಿಕೊಂಡು ಸಜ್ಜನರ ಹಾಗೆ ಕೂತಿದ್ದೆವು. ಸರಿ, ಹಾಗಾದರೆ ಪ್ರತಿಯೊಬ್ಬರೂ ತಮಗೆ ಯಾಕೆ ಕೊಡಬೇಕು ಎಂದು ತಾವೇ ಹೇಳಲಿ ಎಂದು ತೀರ್ಮಾನವಾಯಿತು. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಕಲಿತು ಬೆಳೆದವರು ನಾವು. ಅವತ್ತು ಮಧ್ಯಾಹ್ನ ಅದನ್ನೆಲ್ಲ ಮೂಟೆ ಕಟ್ಟಿ ಆಚೆ ಇಟ್ಟು ಹೊಗಳಿಕೊಂಡದ್ದೇ ಹೊಗಳಿಕೊಂಡದ್ದು.

ನಾನು ಎದ್ದು ನಿಂತು ಒಂಬತ್ತರಲ್ಲಿ ಏಳು ಗೋಲು ಎಂದು ಭಾಷಣ ಮಾಡಿದೆ. “ಮಿಕ್ಕ ಎರಡು ನೀನು ಬಾಲ್ ಪಾಸ್ ಮಾಡಿದಾಗ ಆಗಿದ್ದು” ಎಂದರು ವಿಮಲಾ ಆಂಟಿ. “ನೀನು ಪಾಸ್ ಮಾಡಿರೋದೂ ಎರಡೇ ಸಲ.” ಎಲ್ಲರೂ ಹೋ ಎಂದರು. ಆಂಟಿಯ ವಾದ, ಅರವತ್ತೊಂದಕ್ಕೆ ಮೂರು ಸಲ ಬಿದ್ದು ಮೂರು ಸಲವೂ ತಾನೇ ಎದ್ದದ್ದು. ಲತಾ, ತಾನಿಲ್ಲದಿದ್ದರೆ ಯಾವ ದಿನ ಯಾವ ಮೈದಾನಕ್ಕೆ ಹೋಗಬೇಕೆಂದು ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ ಎಂದಳು. ಅದೂ ನಿಜವೇ.

ಕೊನೆಗೆ ಉಳಿದವಳು ಶಾಹೀನ್. ಬಿಜಾಪುರದವಳು, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್, ನಮ್ಮ ಗೋಲ್‌ಕೀಪರ್. ಮಾತು ಕಡಿಮೆ. ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನು ನೋಡಿದಳು.

“ನಾ ಒಂದ ಮಾತ ಕೇಳಲೇನ್ ಅಕ್ಕಾ? ಏಪ್ರಿಲ್‌ದಾಗ ಕ್ಲಬ್ಬಿನವರು ಆ ಪ್ಯಾಡು, ಹೆಲ್ಮೆಟ್ಟು ಕೊಟ್ಟಾಗ ಯಾರೂ ಮುಟ್ಟಲಿಲ್ಲ. ಇದೊಂದ ವಾರ ನೀ ಹಾಕ್ಕೋ, ಮುಂದಿನ ವಾರ ಬ್ಯಾರೆದವರು ನಿಂದರತಾರ ಅಂದಿದ್ರಿ. ನೆನಪೈತೇನ್ರಿ?”

ನೆನಪಿತ್ತು. ಆ ಹಾಳು ವಾಸನೆಯ ಚೀಲವನ್ನು ಎಲ್ಲರಿಗಿಂತ ಕೊನೆಗೆ ಸೇರಿದವಳ ಕೈಗೆ ದಾಟಿಸಿ ನಾನು ನಿರಾಳವಾಗಿದ್ದೆ. ಮುಂದಿನ ವಾರ ಅವಳಾಗಿಯೇ ಪ್ಯಾಡು ಕಟ್ಟಿಕೊಂಡಳು, ಅದರ ಮುಂದಿನ ವಾರವೂ. ಅವಳು ಬದಲಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

“ದಿನಾ ಎಂಟ ತಾಸ ಕೌಂಟರಿನ ಹಿಂದ ನಿಂತಿರತೀನಿ ಅಕ್ಕಾ. ಶನಿವಾರ ಒಂದ ದಿನ ಓಡೂಣು ಅಂತ ಬಂದೆ. ಇಲ್ಲೂ ನಿಂದರಿಸಿದ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಪಾಯಿಂಟಿಗೆ ಅಷ್ಟ ಛಲೋ ಪಟ್ಟಿ ಮಾಡಿದ್ರಿ. ಗೋಲಿನ್ಯಾಗ ನಿಂದ್ರಾಕ ಯಾಕ ಮಾಡ್ಲಿಲ್ಲ?”

ಲತಾ ಲ್ಯಾಪ್‌ಟಾಪ್ ಮುಚ್ಚಿದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಯಾರಿಗೂ ಬೇಜಾರಾಗಬಾರದೆಂದು ಹದಿನಾಲ್ಕು ಲಕೋಟೆ ಅಂಟಿಸಿದ ನಾವೆಲ್ಲ, ಕಣ್ಣೆದುರಿಗೇ ಒಬ್ಬಳನ್ನು ಹದಿಮೂರು ವಾರ ಮರೆತಿದ್ದೆವು. ಹಾಗಾದರೆ ಇವಳಿಗೇ ಕೊಟ್ಟುಬಿಡೋಣ ಎಂದರು ವಿಮಲಾ ಆಂಟಿ.

“ಪಾಪ ಅಂತ ಕೊಡಬ್ಯಾಡ್ರಿ ಆಂಟಿ” ಎಂದಳು ಶಾಹೀನ್. “ನನಗೂ ಬೇಕು, ಖರೇನ ಬೇಕು. ಆದ್ರ ನಾ ಏನ್ ಮಾಡೀನಿ ಅಂತ ತಿಳದ ಕೊಡ್ರಿ. ನೀವ್ಯಾರೂ ನಾ ಆಡೂದ ನೋಡೇ ಇಲ್ಲ. ಯಾವಾಗಲೂ ನನ್ನ ಕಡೆ ಬೆನ್ನ ಹಾಕಿರತೀರಿ.”

“ಶನಿವಾರ ಗೋಲಿನ್ಯಾಗ ನಾ ನಿಂದರತೀನಿ” ಎಂದೆ. “ನೀ ನನ್ನ ಜಾಗಾದಾಗ ಆಡು. ಆಟ ಮುಗದ ಮ್ಯಾಲ ಎಲ್ಲಾರೂ ಒಂದೊಂದ ಹೆಸರ ಬರಿಯೂಣು.”

ಶನಿವಾರ ಮಳೆ ಇರಲಿಲ್ಲ. ಬೆಟ್ಟಗಳ ಮೇಲೆ ಬಿಸಿಲು ಬಿದ್ದು, ಗಾಳಿ ಮಾತ್ರ ಎಂದಿನಂತೆ ಕತ್ತರಿಸುತ್ತಿತ್ತು. ಪ್ಯಾಡು ಕಟ್ಟಿಕೊಂಡ ಮೇಲೆ ನನಗೆ ನೆಟ್ಟಗೆ ನಡೆಯಲೂ ಬರಲಿಲ್ಲ. ಎದುರಿನವರು ಮೇ ತಿಂಗಳಲ್ಲಿ ನಮಗೆ ಎರಡೇ ಗೋಲು ಹೊಡೆದಿದ್ದ ತಂಡ. ಆಗ ನಾವು ಚೆನ್ನಾಗಿ ಆಡಿದೆವು ಎಂದು ಬೀಗಿದ್ದೆ. ಅರ್ಧ ಆಟ ಮುಗಿಯುವುದರೊಳಗೆ ನನ್ನ ಹಿಂದೆ ಗೋಲಿನ ಹಲಗೆಗೆ ಚೆಂಡು ಐದು ಸಲ ದಢ್ ಎಂದು ಬಡಿಯಿತು. ಪೆನಾಲ್ಟಿ ಕಾರ್ನರಿಗೆ ಐದಾರು ಹೆಂಗಸರು ಕೋಲು ಎತ್ತಿಕೊಂಡು ನನ್ನ ಮೇಲೇ ಓಡಿ ಬಂದಾಗ ಕಣ್ಣು ಮುಚ್ಚಿಕೊಂಡೆ. ಇದನ್ನು ಶಾಹೀನ್ ವಾರವಾರ ಕಣ್ಣು ಬಿಟ್ಟುಕೊಂಡು ನೋಡಿದ್ದಳು.

ಚೆಂಡು ಆ ಕಡೆ ಹೋದಾಗ ನಾನೊಬ್ಬಳೇ. ಮಾತಾಡಲು ಯಾರೂ ಇಲ್ಲ, ಮೈ ಬಿಸಿಯಾಗಲು ಓಟವಿಲ್ಲ, ಕಾಣುವುದೆಲ್ಲ ಹತ್ತು ಬೆನ್ನುಗಳು. ಅದರಲ್ಲಿ ಒಂದು ಬೆನ್ನು ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಅಬ್ಬಾ, ಅವಳ ಓಟವೇ! ಚೆಂಡು ಅವಳ ಕೋಲಿಗೆ ಒಗ್ಗಲಿಲ್ಲ, ಎರಡು ಸಲ ಮುಗ್ಗರಿಸಿದಳು, ಬೇಡದ ಕಡೆಗೂ ಓಡಿದಳು. ಎಷ್ಟು ದೂರದಿಂದಲೂ ಅವಳ ನಗು ನನಗೆ ಕೇಳುತ್ತಿತ್ತು. ಏಳು ಗೋಲು ತಿಂದಾದ ಮೇಲೆ, ಆ ತುದಿಯಲ್ಲಿ ಎಲ್ಲ ಬೆನ್ನುಗಳೂ ಒಟ್ಟಿಗೆ ಹಾರಿದವು. ನಾವೂ ಒಂದು ಹೊಡೆದಿದ್ದೆವು! ಹೊಡೆದವರು ಯಾರೆಂದು ಕಾಣದೆ, ತಡೆಯಲಾರದೆ, ನಾನು ಪ್ಯಾಡು ಕಟ್ಟಿಕೊಂಡೇ ಅರ್ಧ ಮೈದಾನ ದಾಟಿ ಓಡಿದೆ. ಅಂಪೈರ್ ಸೀಟಿ ಊದಿ ವಾಪಸ್ಸು ಅಟ್ಟಿದರು. ಶಾಹೀನ್ ಕೊಟ್ಟ ಪಾಸಿಗೆ ವಿಮಲಾ ಆಂಟಿ ಬರೀ ಕೋಲು ಅಡ್ಡ ಹಿಡಿದಿದ್ದರಂತೆ.

ಆಟ ಮುಗಿದು ಕ್ಲಬ್ಬಿನ ಕೋಣೆಗೆ ಬಂದಾಗ ಬಾರ್ಬರಾ ಹನ್ನೆರಡು ಚೀಟಿ, ಹನ್ನೆರಡು ಪೆನ್ಸಿಲ್ ಇಟ್ಟುಕೊಂಡು ಕಾದಿದ್ದರು. ಶಾಲೆಯ ಪರೀಕ್ಷೆಯಂತೆ ನಮ್ಮನ್ನು ದೂರದೂರ ಕೂರಿಸಿದರು. ನಾನು ಶಾಹೀನಳ ಹೆಸರು ಬರೆದು ಮಡಚಿದೆ. ಆ ಕಪ್ಪಿನ ಆಸೆ ಅವತ್ತೂ ಹೋಗಿರಲಿಲ್ಲ. ಆದರೆ ಇನ್ನೊಂದು ಹೆಸರು ಬರೆಯಲು ನನ್ನ ಕೈಯಲ್ಲಿ ಸಾಧ್ಯವಿರಲಿಲ್ಲ.

ಚೀಟಿಗಳನ್ನು ಲತಾ ಬಿಚ್ಚಿ ಓದಿದಳು. ಶಾಹೀನ್, ಶಾಹೀನ್, ಶಾಹೀನ್. ಕೊನೆಯ ಚೀಟಿ ಬಿಚ್ಚಿ ಕೆಮ್ಮಿದಳು.

“ಶಾಹೀನ್ ಹನ್ನೊಂದು. ಸುವರ್ಣಕ್ಕ... ಒಂದು.”

ಹನ್ನೊಂದೂ ಮುಖಗಳು ನನ್ನ ಕಡೆ ತಿರುಗಿದವು. ಚಪ್ಪಾಳೆ ತಟ್ಟಬೇಕಾದವರು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. “ನಾ ಹಾಕ್ಕೊಂಡಿಲ್ರಿ! ದೇವರಾಣಿ!” ಎಂದೆ. “ಆಯ್ತು ಬಿಡೇ ಸುವರ್ಣ, ಮೂವತ್ತು ವರ್ಷದ ಆಸೆ” ಎಂದು ವಿಮಲಾ ಆಂಟಿ ಬೆನ್ನು ತಟ್ಟಿದರು. ಬಹುಮಾನ ವಿತರಣೆ ನೋಡಲು ಬಂದಿದ್ದ ಅನು ಮುಖ ಮುಚ್ಚಿಕೊಂಡು “ಅಮ್ಮ, ಸೋ ಎಂಬರಾಸಿಂಗ್” ಎಂದು ನರಳಿದಳು. ಶಾಹೀನ್ ಕಪ್ ಎತ್ತಿಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಕಾರುಗಳ ಹತ್ತಿರ ಹೋಗುವಾಗ ಅವಳ ತೋಳು ಹಿಡಿದು ನಿಲ್ಲಿಸಿದೆ.

“ನೀನ ಹಾಕಿದ್ದು, ಹೌದಿಲ್ಲೋ?”

“ಹೌದ್ರಿ. ನನ್ನ ಹೆಸರ ನಾನ ಬರಕೊಳ್ಳಾಕ ನಾಚಿಕಿ ಬಂತು. ಕಣ್ಣ ಮುಚ್ಚಿಕೊಂಡರ ಯಾಕಾಗವಲ್ದು, ಅಂಜಿ ಗೋಲು ಬಿಟ್ಟು ಓಡಲಿಲ್ಲಲ್ಲ ಅಂತ ನಿಮಗ ಹಾಕಿದೆ.”

ಆದರೂ ಮಾನದ ಪ್ರಶ್ನೆ. “ಹಂಗಾದ್ರ ಒಳಗ ಬಂದು ಎಲ್ಲಾರಿಗೂ ಹೇಳು, ನಡಿ.”

ಅವಳು ಕಪ್ಪನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಅದಕ್ಕೆ ಬೆಲ್ಟು ಬಿಗಿದಳು. ಕಾರು ಶುರು ಮಾಡಿ ಕಿಟಕಿ ಇಳಿಸಿದಳು.

“ಹದಿಮೂರ ವಾರ ನಿಂದರಿಸಿದ್ದಕ್ಕ ಇಷ್ಟರ ಇರ್ಲಿ ಬಿಡ್ರಿ ಅಕ್ಕಾ” ಎಂದು ಹೊರಟೇಹೋದಳು.

ಮೊದಮೊದಲು ನಾನು ಸಿಕ್ಕಸಿಕ್ಕವರ ಮುಂದೆ ಆಣೆ ಇಟ್ಟು ಹೇಳಿದೆ, ಒಬ್ಬರೂ ನಂಬಲಿಲ್ಲ. ಈಗ ಲೋವರ್ ಹಟ್‌ನಿಂದ ಯಾರಾದರೂ ಫೋನು ಮಾಡಿ ಆ ಮಾತೆತ್ತಿದರೆ, ಹೌದು, ನಾನೇ ಹಾಕಿಕೊಂಡದ್ದು ಎನ್ನುತ್ತೇನೆ.